ಟ್ರಡ್ಜ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದ್ಯಲ್ಲ

ತಮ್ಮಾ,

ನಿನ್ನ ಕತೆ ನಿನ್ನೆ ರಾತ್ರಿನೇ ಓದಿದೆ. ಮೂರನೇ ಪುಟದಲ್ಲಿ "ಅವನು ಟ್ರಡ್ಜ್ ಮಾಡುತ್ತಾ ಮನೆಗೆ ಹೋದ" ಅಂತ ಇಂಗ್ಲಿಷಿನ trudge ಪದವನ್ನೇ ಹಾಕಿ ಬರೆದು, ಪಕ್ಕದಲ್ಲಿ ಪೆನ್ಸಿಲಲ್ಲಿ ಇದಕ್ಕೆ ಕನ್ನಡದಲ್ಲಿ ಏನಂತಾರೆ ಸರ್ ಅಂತ ಕೇಳಿದ್ಯಲ್ಲ, ಅದಕ್ಕೇ ಈ ಪತ್ರ.

ನಿಧಾನಕ್ಕೆ ನಡೆಯೋದು ಅಂದ್ರೆ ಸಾಲಲ್ಲ, ಪಾರ್ಕಲ್ಲಿ ಅಂಕಲ್‌ಗಳೂ ನಿಧಾನಕ್ಕೇ ನಡೀತಾರೆ. ಟ್ರಡ್ಜ್ ಅನ್ಬೇಕಂದ್ರೆ ಸುಸ್ತಾಗಿರ್ಬೇಕು, ಕಾಲು ಭಾರ ಆಗಿರ್ಬೇಕು, ದಾರಿ ಇನ್ನೂ ಬಾಕಿ ಇರ್ಬೇಕು, ಆದ್ರೂ ನಿಲ್ಲೋ ಹಾಗಿಲ್ಲ. ಹಿಮದಲ್ಲಿ, ಕೆಸರಲ್ಲಿ ನಡೆಯೋದಕ್ಕೆ ಹೇಳ್ತಾರೆ, ಸೋಮವಾರ ಬೆಳಿಗ್ಗೆ ಮನಸ್ಸಿಲ್ದೆ ಆಫೀಸಿಗೆ ಹೋಗೋದಕ್ಕೂ ಹೇಳ್ತಾರೆ, ಬೋರ್ ಹೊಡೆಸೋ ರಿಪೋರ್ಟ್ ಹೆಂಗೋ ಓದಿ ಮುಗಿಸೋದಕ್ಕೂ.

ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್ 1917ರಲ್ಲಿ ಬರೆದ ಯುದ್ಧದ ಪದ್ಯ ಇದ್ಯಲ್ಲ, ಡುಲ್ಸೆ ಎಟ್ ಡೆಕೋರಮ್ ಎಸ್ಟ್, ಅದರ ನಾಲ್ಕನೇ ಸಾಲಿಗೇ ಈ ಪದ ಬರುತ್ತೆ. ಸೈನಿಕರು ಅಂದ್ರೆ ಎದೆ ಸೆಟೆದು ಮಾರ್ಚ್ ಮಾಡ್ಬೇಕಲ್ವಾ, ಇವ್ರು ಬೆನ್ನು ಬಗ್ಗಿಸ್ಕೊಂಡು ಕೆಮ್ತಾ ಕೆಸರಲ್ಲಿ ಟ್ರಡ್ಜ್ ಮಾಡ್ತಾರೆ, ಎಷ್ಟೋ ಜನರ ಕಾಲಲ್ಲಿ ಬೂಟೇ ಇಲ್ಲ. ಒಂದೇ ಕ್ರಿಯಾಪದಕ್ಕೆ ಯೂನಿಫಾರ್ಮಿನ ಗತ್ತೆಲ್ಲ ಇಳಿದುಹೋಯ್ತು ನೋಡು.

ಇಂಗ್ಲಿಷಲ್ಲಿ ನಡಿಗೆಯ ರೀತಿ ಕ್ರಿಯಾಪದದ ಹೊಟ್ಟೆಯೊಳಗೇ ಇರುತ್ತೆ, ನಾವು ಅದನ್ನ ಪಕ್ಕಕ್ಕಿಟ್ಟು ಹೇಳ್ತೀವಿ, ಬಿರಬಿರನೆ ಹೋದ, ದಡದಡ ಇಳಿದ, ತೂರಾಡ್ತಾ ಬಂದ. ಹಾಗಾಗಿ ಒಂದೇ ಪದಕ್ಕಾಗಿ ಡಿಕ್ಷನರಿ ಜಾಲಾಡ್ಬೇಡ. "ಕಾಲೆಳ್ಕೊಂಡು ಹೋದ" ಅನ್ನೋದು ಹತ್ತಿರ ಬರುತ್ತೆ, ಆದ್ರೆ ಆ "ಕೊಂಡು" ಕೈಬಿಟ್ರೆ ಕೆಟ್ಟೆ, ಕಾಲೆಳೆದ ಅಂದ್ರೆ ಯಾರನ್ನೋ ತಮಾಷೆ ಮಾಡ್ದ ಅಂತಾಗ್ಬಿಡುತ್ತೆ (ನಾನೇ ಒಂದ್ಸಲ ಹಿಂಗ್ ಬರೆದು ನಗೆಪಾಟಲಾಗಿದ್ದೀನಿ).

ಅದಿರ್ಲಿ, ನಿನ್ನ ಕತೆ ನಡೆಯೋದು ಗದಗದ ಕಡೆ ಎರೆ ಹೊಲದಲ್ಲಿ, ಅದೂ ಮಳೆ ಬಿದ್ಮೇಲೆ. ಎರೆ ಮಣ್ಣಲ್ಲಿ ನಡೆದಿದ್ಯಾ? ಹತ್ತು ಹೆಜ್ಜೆ ಇಡೋದ್ರೊಳಗೆ ಚಪ್ಪಲಿ ಕೆಳಗೆ ಮಣ್ಣು ಮೆತ್ತಿ ಮೆತ್ತಿ ಇನ್ನೊಂದು ಚಪ್ಪಲಿನೇ ಆಗುತ್ತೆ, ಕಡ್ಡಿ ತಗೊಂಡು ಕೆರೆದು ಹಾಕಿದ್ರೆ ಮತ್ತೆ ಹತ್ತು ಹೆಜ್ಜೆಗೆ ಅದೇ ಕತೆ, ಕೊನೆಗೆ ಬೇಜಾರಾಗಿ ಚಪ್ಪಲಿ ಕೈಲಿ ಹಿಡ್ಕೊಂಡು ನಡಿಯೋದು. ಇದನ್ನ ಬರೆದ್ರೆ ಟ್ರಡ್ಜೂ ಬೇಡ, ಕಾಲೆಳ್ಕೊಳ್ಳೋದೂ ಬೇಡ.

ನಿನ್ನವನು ಚಪ್ಪಲಿ ಹಾಕಿದ್ನಾ, ಬರಿಗಾಲಲ್ಲಿದ್ನಾ? ಕತೆಯಲ್ಲಿ ಎಲ್ಲೂ ಹೇಳಿಲ್ಲ. ಅದನ್ನ ನೋಡ್ಕೊಂಡು ಮೂರನೇ ಪುಟ ಇನ್ನೊಂದ್ಸಲ ಬರೆದು ಕಳಿಸು.