ಭಾನುವಾರ ಮಾಗಡಿ ಕೆರೆಗೆ ಹೊರಡುವ ಮುನ್ನ

ಗೆಳೆಯರೇ, ಹಕ್ಕಿಗಳ ಚಿತ್ರ ತೆಗೆಯಲು ಹೋಗುವುದಕ್ಕೆ ಬೆಳಿಗ್ಗೆ 5.30ಕ್ಕೆ ಗದಗ ಬಸ್ ನಿಲ್ದಾಣದ ಎದುರು ಸೇರೋಣ.

ಕಳೆದ ಸಲ ಗುಂಪಿಗೆ ಬಂದ ಚಿತ್ರಗಳನ್ನೆಲ್ಲ ನಿನ್ನೆ ರಾತ್ರಿ ಮತ್ತೆ ನೋಡಿದೆ. ಪಟ್ಟೆತಲೆ ಹೆಬ್ಬಾತುಗಳ ಹಿಂಡು ಎಲ್ಲರ ಚಿತ್ರಗಳಲ್ಲೂ ಇದೆ. ಬಿಳಿ ತಲೆಯ ಹಿಂಬದಿಯ ಎರಡು ಕಪ್ಪು ಪಟ್ಟೆಗಳು ಕಾಣುವುದು ಒಂದೇ ಒಂದು ಚಿತ್ರದಲ್ಲಿ. ಹಿಮಾಲಯ ದಾಟಿ ಬಂದ ಹಕ್ಕಿಯನ್ನು ಬರೀ ಚುಕ್ಕೆಯಾಗಿಸಿದರೆ ನನಗೆ ಸಂಕಟವಾಗುತ್ತದೆ.

ಈ ಸಲ ಇಳಿದ ಕೂಡಲೇ ಕ್ಯಾಮೆರಾ ಎತ್ತಬೇಡಿ. ಹತ್ತು ನಿಮಿಷ ಕುಳಿತು ದಂಡೆಯನ್ನು ನೋಡಿ. ಹಸಿ ಕೆಸರಿನಲ್ಲಿ ಮೂರು ಬೆರಳಿನ ಹೆಜ್ಜೆ, ಬೆರಳುಗಳ ನಡುವೆ ಜಾಲಪೊರೆಯ ತೆಳುವಾದ ಅಚ್ಚು, ಅದರಲ್ಲಿ ನಿಂತ ನೀರಿನೊಳಗೆ ಅಂಗೈಯಷ್ಟೂ ಇಲ್ಲದ ಆಕಾಶ. ಡಿಸೆಂಬರಿನಲ್ಲಿ ಇದನ್ನು ನಾನು ಮೊಬೈಲಿನಲ್ಲೇ ತೆಗೆದೆ. ಬಿಸಿಲು ನೆತ್ತಿಗೇರಿದರೆ ನೆರಳು ಕರಗಿ ಆ ಅಚ್ಚು ಕಾಣಿಸುವುದೇ ಇಲ್ಲ, ಹಾಗಾಗಿ ದಯವಿಟ್ಟು ತಡಮಾಡಬೇಡಿ.

ಗುಂಡಿ ಒತ್ತುವ ಮುನ್ನ ಚೌಕಟ್ಟಿನ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿ. ಹೋದ ಬಾರಿ ಒಂದು ಸೊಗಸಾದ ಚಿತ್ರದ ಮೂಲೆಯಲ್ಲಿ ಗುಟ್ಕಾ ಚೀಟಿ ಹೊಳೆಯುತ್ತಿತ್ತು. ನೀರಿನ ಗೆರೆಯೂ ವಾಲದಿರಲಿ.

2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆಯಿದು. ಹಕ್ಕಿಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಂತರೆ ನಾವು ತೀರಾ ಹತ್ತಿರ ಬಂದೆವೆಂದೇ ಅರ್ಥ; ಹಿಂದೆ ಸರಿಯಿರಿ. ಕೆಂಪು, ಹಳದಿ ಬಟ್ಟೆ ಬೇಡ. ಬರುವವರು ಶನಿವಾರ ಸಂಜೆಯೊಳಗೆ ತಿಳಿಸಿ.