ಹತ್ತನೇ ಶೋ ಆಯ್ತು, ನಿಮಗೆಲ್ಲ ಶರಣು

ನಿನ್ನೆ ರಾತ್ರಿ ಕಲಬುರಗಿ ಎಸ್.ಎಂ. ಪಂಡಿತ್ ರಂಗಮಂದಿರದಾಗ ನಮ್ಮ ನಾಟಕದ ಹತ್ತನೇ ಶೋ ಆಯ್ತ್ರಿ. ಹೋದ ವಾರ ಅಪ್ಪನ ಪಾತ್ರದ ಹುಡುಗಗ ಡೆಂಗ್ಯೂ ಆಗಿ ದವಾಖಾನಿ ಸೇರಿದಾಗ ಶೋ ಕ್ಯಾನ್ಸಲ್ ಅಂತ ಮೆಸೇಜ್ ಟೈಪ್ ಮಾಡಿ ಕೂತಿದ್ದೆ, ಕಳಿಸ್ಲಿಕ್ಕೆ ಕೈ ಬರ್ಲಿಲ್ಲ. ಆವಾಗ ನಮ್ಮ ಹಲಗಿ ಬಾರಿಸೋ ಕಾಕಾ "ಮಾತು ನೀ ಹೇಳ್ಕೊಡು, ನಾ ನಿಂದರ್ತೀನಿ" ಅಂದ್ರು. ಓದು ಬರಲ್ಲ ಅವರಿಗೆ, ಐದು ರಾತ್ರಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ರು. ಕಾಕಾ, ಈ ಋಣ ಹ್ಯಾಂಗ ತೀರಿಸ್ಲಿ.

ಭಾಳ ಮಂದಿ ಕೇಳ್ತಾರ, ಇದು ಶಿವರಾಮ ಕಾರಂತರ ಚೋಮನ ದುಡೀನಾ ಅಂತ. ಅಲ್ರಿ. 1933ರ ಆ ಕಾದಂಬರಿ ಡಿಗ್ರಿಯೊಳಗ ನಮ್ ಕನ್ನಡ ಮೇಡಂ ಓದಿಸಿದ್ರು, ಅವಾಗಿಂದ ತಲ್ಯಾಗ ಕೂತದ, ಮೇಡಂ ನಿಮಗ ಕೈ ಮುಗೀತೀನಿ. ಚೋಮನ ಹತ್ರ ಎತ್ತಿದ್ವು, ಉಳಲಿಕ್ಕೆ ತುಂಡು ನೆಲ ಇರ್ಲಿಲ್ಲ, ಜಾತಿ ನೋಡಿ ಕೊಡ್ಲಿಲ್ಲ. ನಮ್ ನಾಟಕದ ಅಪ್ಪಗ ಎರಡು ಎಕರೆ ತೊಗರಿ ಹೊಲ ಅದ, ಮಳಿ ಇಲ್ಲ, ಸಾಲಕ್ಕ ಎತ್ತು ಮಾರ್ಯಾನ, ಗುಳೆ ಹೊಂಟಾನ. ಚೋಮನ ಹೆಸರು ಎಲ್ಲೂ ಬರಲ್ಲ, ಮಗಳಿಗಷ್ಟೇ ಬೆಳ್ಳಿ ಅಂತ ಹೆಸರಿಟ್ಟೀನಿ, ಕಾದಂಬರಿಯೊಳಗ ಚೋಮನ ಮಗಳು ಬೆಳ್ಳಿ ಸಾಲ ತೀರಿಸ್ಲಿಕ್ಕೆ ಕಾಫಿ ತೋಟಕ್ಕ ಹೋಗ್ತಾಳ, ಇಲ್ಲಿ ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕ, ಕಾಕಾ ಮೊದಲ ಸಲ ಆ ಹೆಸರು ಹಿಡಿದು ಕರೆದಾಗ ಹಿಂದಿನ ಸೀಟಿನಾಗ ಯಾರೋ "ಅಯ್ಯೋ" ಅಂದ್ರು, ಪುಸ್ತಕ ಓದಿದವ್ರೇ ಇರ್ಬೇಕು, ನನಗ ಕಣ್ಣಾಗ ನೀರು ಬಂತು.

ದುಡಿ ನಮ್ ಕಡಿ ವಾದ್ಯ ಅಲ್ಲ. ತಂದು ಬಾರಿಸಿದ್ರ ಸುಳ್ಳು ಅನಿಸ್ತಿತ್ತು, ಅದಕ್ಕ ಹಲಗಿ, ಬೆಂಕಿಗೆ ಕಾಸಿದ್ರ ಅದರ ಚರ್ಮ ಬಿಗಿಯಾಗಿ ಸಪ್ಪಳ ಛಲೋ ಬರ್ತದ. ಚೋಮ ಬಾಗ್ಲಾ ಹಾಕ್ಕೊಂಡು ಸಾಯೋತನಕ ದುಡಿ ಬಾರಿಸ್ತಾನ, ನಮ್ಮವ ಮನಿಗೆ ಕೀಲಿ ಹಾಕಿ ಹೋಗ್ತಾನ, ಹಲಗಿ ಒಳಗ ಗ್ವಾಡಿಗೆ ನೇತಾಡ್ತದ, ಸಪ್ಪಳ ಇಲ್ಲ. ಈ ಕೊನಿ ಬ್ಯಾಡ, ಜೋರ್ ಬಾರಿಸಿ ಮುಗಿಸೋಣ ಅಂತ ಹುಡುಗರು ಜಗಳ ತೆಗೆದಿದ್ರು, ಕಾಕಾನೇ "ಮನ್ಯಾಗ ಮಂದೀನೇ ಇಲ್ಲಂದ್ರ ಹಲಗಿ ಕಾಸೋರು ಯಾರು" ಅಂದ್ರು, ಎಲ್ಲರೂ ಸುಮ್ಮನಾದ್ರು.

ಬೆಳ್ಳಿ ಆಗಿ ನಿಂತ ಹುಡುಗಿನ ದಿನಾ ರಾತ್ರಿ ಒಂಬತ್ತರ ತನಕ ತಾಲೀಮಿಗೆ ಬಿಟ್ಟ ಅವರವ್ವಗ, ಹಿಂದ ಬಯಲಾಗ ಬೆಂಕಿ ಹಚ್ಚಿ ಹಲಗಿ ಕಾಸ್ಲಿಕ್ಕೆ ಬಿಟ್ಟು, ಬಕೆಟ್ ನೀರು ಹಿಡ್ಕೊಂಡು ತಾನೇ ಕಾವಲು ನಿಂತ ವಾಚ್‌ಮನ್ ಅಣ್ಣಗ, ಲೈಟಿನ ಹುಡುಗರಿಗೆ, ಎಲ್ಲರಿಗೂ ಶರಣು.

ಶೋ ಮುಗಿದ ಮ್ಯಾಲೆ ಯಾದಗಿರಿ ಕಡಿ ಅವ್ವ ಒಬ್ರು ಬಂದು ಏನೂ ಮಾತಾಡ್ದೇ ಸೊಂಟಕ್ಕ ಸಿಗಿಸಿದ್ದ ಕೀಲಿಕೈ ತೆಗೆದು ತೋರ್ಸಿದ್ರು. "ನಮ್ ಮನೀದು, ನಾಕು ವರ್ಷ ಆಯ್ತು" ಅಂದ್ರು. ಹೆಸರು ಕೇಳೋದ್ರೊಳಗ ಬಸ್ಸಿಗೆ ಹೋದ್ರು. ಯವ್ವಾ, ನಿಮಗೂ ಶರಣು.