ಡರ್ಟ್ ಬೈಕ್ ಮಾರುವವರು ಗಂಟೆ ಲೆಕ್ಕ ಕೊಡಲಿ

ಸಂಪಾದಕರಿಗೆ ನಮಸ್ಕಾರ,

ಚಿಕ್ಕಮಗಳೂರು ಕಡೆ ತೋಟದ ಮಣ್ಣು ದಾರಿಯಲ್ಲಿ ರ‍್ಯಾಲಿ ನೋಡುತ್ತಲೇ ಬೆಳೆದ ಹುಡುಗರು ಡರ್ಟ್ ಬೈಕಿಗೆ ಆಸೆ ಪಡುವುದು ಸಹಜ. ನನಗೂ ಅದು ಖುಷಿಯ ವಿಷಯವೇ. ಆದರೆ ರೇಸಿಗೆಂದೇ ಮಾಡಿದ ಹಳೇ ಬೈಕುಗಳನ್ನು, ಎಂಜಿನ್ ಎಷ್ಟು ಗಂಟೆ ಓಡಿದೆ ಅಂತಾನೂ ಹೇಳದೆ ಮಾರುತ್ತಿದ್ದಾರಲ್ಲ, ಅದು ಸರಿಯಲ್ಲ.

ಹೋದ ವರ್ಷ ನನ್ನ ತಮ್ಮನ ಮಗ ಒಂದು ಸೆಕೆಂಡ್ ಹ್ಯಾಂಡ್ 250 ಸಿಸಿ ಫೋರ್ ಸ್ಟ್ರೋಕ್ ತಂದ. "ಎಂಜಿನ್ ಬಿಚ್ಚೇ ಇಲ್ಲ" ಅಂತ ಮಾರಿದವರು ಎರಡೆರಡು ಸಲ ಹೇಳಿದ್ದರು. ನಾವೂ ಅದನ್ನೇ ನಂಬಿದೆವು. ರಸ್ತೆ ಬೈಕಿಗಾದರೆ ಅದು ಒಳ್ಳೆ ಮಾತು. ರೇಸ್ ಎಂಜಿನ್ನಿಗೆ ಅದೇ ಕೆಟ್ಟ ಸುದ್ದಿ ಅಂತ ಆಮೇಲೆ ಗೊತ್ತಾಯಿತು. ಇಂಥ ಕೆಲವು 250 ಸಿಸಿ ಬೈಕುಗಳ ಮ್ಯಾನ್ಯುಯಲ್ಲಿನಲ್ಲಿ, ರೇಸಿಗೆ ಓಡಿಸುವುದಾದರೆ 15 ಗಂಟೆಗೊಮ್ಮೆ ಪಿಸ್ಟನ್, ರಿಂಗ್ ಬದಲಿಸಿ ಅಂತ ಬರೆದಿರುತ್ತದೆ. ಪ್ರತಿ ಭಾನುವಾರ ಎರಡು ಗಂಟೆ ಓಡಿಸಿದರೂ ಎರಡು ತಿಂಗಳಿಗೆ ಅಷ್ಟಾಗುತ್ತದೆ. ನಿಧಾನ ಓಡಿಸುವವರಿಗೆ ಇನ್ನೂ ಸ್ವಲ್ಪ ಬಾಳಿಕೆ ಬರಬಹುದು, ಆದರೆ ವರ್ಷಗಟ್ಟಲೆ ಬಿಚ್ಚದೆ ಓಡಿಸುವ ಎಂಜಿನ್ ಅಲ್ಲ ಅದು.

ಮೂರು ವಾರಕ್ಕೇ ತೊಂದರೆ ಶುರುವಾಯಿತು. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಿತ್ತು, ಬಿಸಿಯಾಗಿ ಒಮ್ಮೆ ಆಫ್ ಆದರೆ ಕಿಕ್ ಹೊಡೆದು ಹೊಡೆದು ಹುಡುಗನ ಕಾಲು ಸೋಲುತ್ತಿತ್ತು, ಕೊನೆಗೆ ಇಳಿಜಾರಿನಲ್ಲಿ ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಮೆಕ್ಯಾನಿಕ್ ಬಿಚ್ಚಿದಾಗ ನಾನೂ ಪಕ್ಕದಲ್ಲಿದ್ದೆ. ಏರ್ ಫಿಲ್ಟರಿನ ಸ್ಪಂಜು ಒಣಗಿ ಕಡ್ಡಿಯಾಗಿತ್ತು. ಅದರ ಹಿಂದಿನ ರಬ್ಬರ್ ಪೈಪಿನೊಳಗೆ ಬೆರಳಾಡಿಸಿದರೆ ಕುಂಕುಮದ ಹಾಗೆ ಕೆಂಪು ಧೂಳು ಅಂಟಿತು. ಪಿಸ್ಟನ್ ಪಕ್ಕದಲ್ಲಿ ಉದ್ದುದ್ದ ಗೀರು. ಎಂಜಿನ್ ಒಳಗೆ ಗಾಳಿ, ಪೆಟ್ರೋಲ್ ಬಿಡುವ ಇನ್‌ಟೇಕ್ ವಾಲ್ವಿನ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಸಣ್ಣ ಸಂದು, ಪೂರ್ತಿ ಹೋಗಿತ್ತು.

ಇಂಥ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವು ಬಹಳ ಸಲ ಟೈಟಾನಿಯಂದು. ಹಗುರ, ಆದರೆ ಮೇಲಿನ ಗಟ್ಟಿ ಲೇಪ ತುಂಬಾ ತೆಳು. ಧೂಳು ಅದನ್ನು ತಿಂದುಹಾಕಿದ ಮೇಲೆ ವಾಲ್ವು ತಾನು ಕೂರುವ ಸೀಟಿನೊಳಗೆ ಇಳಿಯುತ್ತಾ ಹೋಗುತ್ತದೆ, ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ (ಒಳಗಿನ ಒತ್ತಡ) ಸೋರುತ್ತದೆ. ಆ ಸಂದು ಸರಿಮಾಡುವ ಶಿಮ್ ಅನ್ನೋ ಬಿಲ್ಲೆಯನ್ನು ತೆಳುವಾದದ್ದು ಹಾಕಿ ಸ್ವಲ್ಪ ದಿನ ತಳ್ಳಬಹುದು. ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಮಾತ್ರ ಇಡೀ ಎಂಜಿನ್ ಹೋದ ಹಾಗೇ.

ನಮ್ಮ ತೋಟಗಳಲ್ಲಿ ಕಳೆ ಹೊಡೆಯುವ ಮಷಿನ್ನಿನ ಫಿಲ್ಟರನ್ನು ಕೆಲಸದವರು ಸಂಜೆಯಾದರೆ ಬಿಚ್ಚಿ ಕೊಡವಿಡುತ್ತಾರೆ. ಲಕ್ಷಗಟ್ಟಲೆ ಕೊಟ್ಟು ತಂದ ಬೈಕಿಗೆ ಅಷ್ಟೂ ಮಾಡುವುದಿಲ್ಲ, ಯಾಕಂದರೆ ಯಾರೂ ಹೇಳಿಕೊಟ್ಟಿಲ್ಲ. ಸ್ಪಂಜನ್ನು ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಎಣ್ಣೆ ಇಲ್ಲದ ಸ್ಪಂಜು ನಯವಾದ ಧೂಳನ್ನು ತಡೆಯುವುದಿಲ್ಲ. ಮಳೆಗಾಲದ ಕಷ್ಟ ಬೇರೆ. ಇಂಥ ಬೈಕಿಗೆ ಸಾಮಾನ್ಯವಾಗಿ ರೇಡಿಯೇಟರ್ ಫ್ಯಾನ್ ಇರುವುದಿಲ್ಲ, ಕೆಸರು ಮೆತ್ತಿಕೊಂಡು ಫಸ್ಟ್ ಗೇರಿನಲ್ಲಿ ಏರು ಹತ್ತುತ್ತಿದ್ದರೆ ಕೂಲೆಂಟ್ ಕುದಿಯುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ, ಅಲ್ಲಿಗೇ ನಿಲ್ಲಿಸಿಬಿಡಬೇಕು.

ಹಳೇ ಜೆಸಿಬಿ ಕೊಳ್ಳುವವರು ಮೊದಲು ನೋಡುವುದು ಗಂಟೆ ಮೀಟರ್ ಅಲ್ವಾ? ಡರ್ಟ್ ಬೈಕಿಗೂ ಅದೇ ಲೆಕ್ಕ ಇರಲಿ. ಮಾರುವವರು ಎಷ್ಟು ಗಂಟೆ ಓಡಿದೆ, ಪಿಸ್ಟನ್ ಯಾವಾಗ ಹಾಕಿದ್ದು, ವಾಲ್ವ್ ಕ್ಲಿಯರೆನ್ಸ್ ಈಗ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಲಿ. ಕೊಡಲ್ಲ ಅಂದರೆ, ತಂದೆ ತಾಯಿಯರೇ, ದಯವಿಟ್ಟು ದುಡ್ಡು ಕೊಡಬೇಡಿ.

— ಕಾಫಿ ಬೆಳೆಗಾರ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು